ಮೂವತ್ತು ಮಾರು ಹಗ್ಗ

“ನಿಧಾನ ಕಣ್ರೋ! ನನ್ನ ತಲೆ ಮೇಲೆ ಬೀಳಿಸಿ ಒಂದೇ ದಿನಕ್ಕೆ ಎರಡು ಹೆಣ ಮಾಡಬೇಡಿ!”

ಏಣಿಯ ಬುಡದಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದ ಜೋತಿಕ್ ಕೂಗಿಕೊಂಡ. ಅಟ್ಟದ ಬಾಯಿಯಿಂದ ಶವಪೆಟ್ಟಿಗೆಯ ಒಂದು ತುದಿ ಹೊರಗೆ ಬಂದಿತ್ತು. ಮೇಲಿದ್ದ ಇಬ್ಬರು ನೆರೆಯವರು ಉದ್ದನೆಯ ಟವೆಲ್ಲುಗಳನ್ನು ಅದರ ಹೊಟ್ಟೆಗೆ ಹಾಯಿಸಿ ಇಷ್ಟಿಷ್ಟೇ ಬಿಡುತ್ತಿದ್ದರು. ಹಗುರ ಇರಬೇಕಾಗಿದ್ದ ಪೆಟ್ಟಿಗೆ ಆಳು ಮಲಗಿದಷ್ಟು ಭಾರವಿತ್ತು.

“ಏನು ತುಂಬಿಟ್ಟಿದಾನೋ ಪುಣ್ಯಾತ್ಮ? ಈರುಳ್ಳಿನಾ?”

“ಈರುಳ್ಳಿ ಆದ್ರೆ ಗಲಗಲ ಅನ್ನಲ್ಲ. ಇದು ಬೇರೆ ಏನೋ.”

ನಮ್ಮೂರಲ್ಲಿ ಐವತ್ತು ದಾಟಿದವರೆಲ್ಲ ತಮ್ಮ ತಮ್ಮ ಪೆಟ್ಟಿಗೆ ಮಾಡಿ ಅಟ್ಟಕ್ಕೆ ಏರಿಸಿಬಿಡುತ್ತಾರೆ. ಖಾಲಿ ಪೆಟ್ಟಿಗೆ ಕರೆಯುತ್ತದೆ ಅಂತ ಅದರಲ್ಲಿ ಈರುಳ್ಳಿಯೋ ಕಾಳೋ ತುಂಬಿಡುವುದು ವಾಡಿಕೆ. ಎವ್ಸೇಯ ತನಗೂ ತನ್ನ ಹೆಂಡತಿ ಉಲೀತಳಿಗೂ ಒಂದೇ ಪೈನ್ ಮರದ ಹಲಗೆ ಸೀಳಿಸಿ ಹತ್ತೊಂಬತ್ತು ವರ್ಷದ ಹಿಂದೆಯೇ ಎರಡು ಪೆಟ್ಟಿಗೆ ಮಾಡಿಟ್ಟಿದ್ದ. ಕತ್ತಲೆ ಅಟ್ಟದಲ್ಲಿ ಬಾಯಿಗೆ ಹತ್ತಿರ ಸಿಕ್ಕಿದ್ದನ್ನು ಇವರು ಇಳಿಸಿದ್ದರು.

ಪೆಟ್ಟಿಗೆ ನೆಲ ಮುಟ್ಟಿತು. ಒಳಗಿನಿಂದ ಒಂದು ಗಂಟೆ ಟಿಣ್ ಅಂತು.

ಒಳಕೋಣೆಯಲ್ಲಿ ಎವ್ಸೇಯನ ಹೆಣದ ತಲೆಯ ಹತ್ತಿರ ನಿಂತು ಕೀರ್ತನೆ ಓದುತ್ತಿದ್ದ ಮಿರಾನಜ್ಜನ ದನಿ ಅರ್ಧ ಸಾಲಿಗೆ ನಿಂತಿತು. ಪಾದ್ರಿಗಳನ್ನು ಇಟ್ಟುಕೊಳ್ಳದ ಪಂಗಡ ನಮ್ಮದು. ಹುಟ್ಟಿಗೂ ಮಣ್ಣಿಗೂ ಊರು ಆರಿಸಿದ ಹಿರಿಯನೇ ದಿಕ್ಕು. ಮಿರಾನಜ್ಜ ಓದು ನಿಲ್ಲಿಸಿದ್ದನ್ನು ಹಿಂದೆ ಯಾರೂ ಕಂಡಿರಲಿಲ್ಲ.

ಜೋತಿಕ್ ಮುಚ್ಚಳ ಸರಿಸಿದ. ಸರಿಸುವಾಗ ಅವನ ಮುಖ ಕಳ್ಳನ ಮುಖದ ಹಾಗಿತ್ತು. ಅವನು ಎವ್ಸೇಯನ ಜೊತೆ ಮೂವತ್ತು ಚಳಿಗಾಲ ಮಂಜುಗಡ್ಡೆಯ ಮೇಲೆ ಕೂತವನು.

ಪೆಟ್ಟಿಗೆಯಲ್ಲಿ ಮೀನಿನ ಸಾಮಾನು ತುಂಬಿತ್ತು. ಗಡ್ಡೆ ಕೊರೆಯುವ ಬೈರಿಗೆ, ಒಡೆಯುವ ಹಾರೆ, ನೀರಿನ ಮೇಲೆ ಕಟ್ಟುವ ಚೂರು ತೆಗೆಯುವ ತೂತು ಸೌಟು, ಎರಡು ಗಿಡ್ಡ ಗಾಳದ ಕೋಲು, ಅಂಗೈಯಗಲದ ಕಬ್ಬಿಣದ ಒಲೆ, ಬಾತಿನ ಪುಕ್ಕ ತುಂಬಿದ ದಪ್ಪ ಮೆತ್ತೆ. ಅಡ್ಡಪಟ್ಟಿಗೆ ಒಂದು ಹಿತ್ತಾಳೆ ಗಂಟೆ ತೂಗುತ್ತಿತ್ತು. ತಳದಲ್ಲಿ, ಕಾಲು ಬರುವ ಕಡೆ, ಒಂದು ಗೇಣು ಅಗಲದ ದುಂಡನೆಯ ತೂತು; ಅದಕ್ಕೆ ಒಪ್ಪವಾಗಿ ಕೂರುವ ಬಿರಡೆ. ಸಂದುಸಂದಿಗೆ ನಾರು ತುರುಕಿ ರಾಳ ಮೆತ್ತಿತ್ತು. ಹೊರಗೆ ತಳಕ್ಕೆ ಜಾರುಬಂಡಿಯ ಹಾಗೆ ಎರಡು ಕಬ್ಬಿಣದ ಪಟ್ಟಿ.

“ಕಬ್ಬಿಣ,” ಅಂದ ಮಿರಾನಜ್ಜ ಬಾಗಿಲಲ್ಲಿ ನಿಂತು. “ಮೊಳೆ ಸಹ ಹೊಡೆಯದ ಪೆಟ್ಟಿಗೆಗೆ ಕಬ್ಬಿಣ ಬಡಿದಿದಾನೆ. ಇದು ಮಣ್ಣಿಗೆ ಹೋಗೋ ಹಾಗಿಲ್ಲ.”

ಪಕ್ಕದ ಮನೆಯ ಫೆಕ್ಲಾ ಆಗಲೇ ಮೊಣಕಾಲೂರಿ ಗೇಣು ಹಾಕುತ್ತಿದ್ದಳು. ಅವಳ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದ ಮಾತು.

“ಇದು ಎವ್ಸೇಯನದಲ್ಲ ಕಣಜ್ಜ. ಗಿಡ್ಡ ಇದೆ,” ಎಂದಳು. ಆಮೇಲೆ ಬಾಯಿ ಮುಚ್ಚಿಕೊಂಡು, “ಅಯ್ಯೋ ದೇವರೇ! ಇದು ಉಲೀತಕ್ಕಂದು. ಬದುಕಿರೋ ಹೆಂಡ್ತಿ ಪೆಟ್ಟಿಗೆಗೆ ತೂತು ಕೊರೆದಿದಾನಲ್ರೀ!”

ಎಲ್ಲರೂ ತಿರುಗಿದರು. ಉಲೀತ ಹೆಣದ ಪಕ್ಕದ ಬೆಂಚಿನಿಂದ ಎದ್ದು ಬಂದು ಹೊಸಿಲಲ್ಲಿ ನಿಂತಿದ್ದಳು. ಎಪ್ಪತ್ತೊಂದು ವರ್ಷದ ಕುಳ್ಳ ಹೆಂಗಸು. ಗದ್ದದ ಕೆಳಗೆ ಪಿನ್ನು ಹಾಕಿದ ಕಪ್ಪು ವಸ್ತ್ರದೊಳಗೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

“ಅವನದು ಹಿಂದೆ ಇರತ್ತೆ. ಇಳಿಸಿ,” ಎಂದಳು. “ಇದನ್ನ ಹೊರಕೋಣೆಗೆ ಹಾಕಿ.”

*

ಊರಿಗೆ ಅವನು ಮೆತ್ತೆ ಎವ್ಸೇಯ. ಎದುರಿಗೇ ಹಾಗೆ ಕರೆದರೂ ಅವನು ಓ ಅನ್ನುತ್ತಿದ್ದ.

ಪೀಪ್ಸಿ ಸರೋವರದ ಈ ದಡದಲ್ಲಿ ಚಳಿಗಾಲ ಬಂತೆಂದರೆ ಗಂಡಸರು ಒಂದು ಬೈರಿಗೆ, ಒಂದು ಡಬ್ಬಿ ಕೆಂಪು ಹುಳು, ಜೇಬಿನಲ್ಲಿ ಒಂದು ತುಂಡು ರೊಟ್ಟಿ ಇಟ್ಟುಕೊಂಡು ಗಡ್ಡೆಯ ಮೇಲೆ ಹೊರಟುಬಿಡುತ್ತಾರೆ. ತಲೆಕೆಳಗಾದ ಬಕೆಟ್ಟೇ ಕುರ್ಚಿ. ಎವ್ಸೇಯ ಮಾತ್ರ ಮನೆ ಖಾಲಿ ಮಾಡಿ ಹೊರಟವನ ಹಾಗೆ ಹೋಗುತ್ತಿದ್ದ. ಒಲೆ, ಗಾಳಿಗೆ ಅಡ್ಡ ಹಿಡಿಯುವ ಟಾರ್ಪಾಲು, ಬೂಟಿಗೆ ಕಟ್ಟುವ ಮುಳ್ಳು, ಎರಡನೇ ಜೊತೆ ಕೈಗವಸು, ಮೂರನೇ ಜೊತೆ ಕೈಗವಸು, ಮೆತ್ತೆ.

“ಸಿಕ್ಕೋ ಮೀನಿಗಿಂತ ಸಾಮಾನೇ ಜಾಸ್ತಿ ಕಣಯ್ಯ ನಿಂದು. ಹಾಸಿಗೆ ಒಂದು ತಂದುಬಿಡು, ಅಲ್ಲೇ ಸಂಸಾರ ಮಾಡು,” ಅಂತ ಜೋತಿಕ್ ಗೇಲಿ ಮಾಡುತ್ತಿದ್ದ.

“ಬೇಕಾದ್ದು ಕೈಗೆ ಸಿಗಬೇಕಪ್ಪ. ಮನೆಗೆ ವಾಪಸ್ ಓಡೋ ಹಾಗಾಗಬಾರದು,” ಅನ್ನುತ್ತಿದ್ದ ಎವ್ಸೇಯ. ಅದರ ಮೇಲೆ ಜೋತಿಕ್ ಸುಮ್ಮನಾಗುತ್ತಿದ್ದ, ಯಾಕೆಂದರೆ ಅದು ಗೇಲಿಯ ಮಾತಲ್ಲ ಅಂತ ಇಡೀ ದಡಕ್ಕೆ ಗೊತ್ತಿತ್ತು.

ಮಾರ್ಚ್ ಕೊನೆಗೆ ಗಡ್ಡೆ ಕರಗುತ್ತಿದ್ದಂತೆ ಅವನು ಶಾಲೆಮಕ್ಕಳ ಒಂದು ಹೊಸ ಪುಸ್ತಕ ತರುತ್ತಿದ್ದ. ಮುಂದಿನ ಚಳಿಗಾಲಕ್ಕೆ ಏನು ಬೇಕು, ಯಾವುದು ಹರಿದಿದೆ, ಯಾವುದಕ್ಕೆ ಎಣ್ಣೆ ಹಾಕಬೇಕು ಅಂತ ಬರೆಯುತ್ತಿದ್ದ. ಬೇಸಿಗೆಯಲ್ಲಿ ಈರುಳ್ಳಿ ಮಡಿಗೆ ನೀರು ಹಾಯಿಸುತ್ತ ನಡುವೆ ಎದ್ದು ಹೋಗಿ ಒಂದು ಸಾಲು ಬರೆದು ಬರುತ್ತಿದ್ದ. ಉಲೀತ ಆ ಪುಸ್ತಕ ಮುಟ್ಟುತ್ತಿರಲಿಲ್ಲ. ಅವಳು ಸರೋವರದ ಕಡೆಯ ಕಿಟಕಿಗೇ ಹಲಗೆ ಹೊಡೆಸಿದವಳು.

ಡಿಸೆಂಬರ್ ಎರಡನೇ ವಾರ, ಕೊಲ್ಲಿಯಲ್ಲಿ ನಾಲ್ಕು ಬೆರಳು ದಪ್ಪ ಗಡ್ಡೆ ಕಟ್ಟಿದ ದಿನ, ಎವ್ಸೇಯ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತು ತನ್ನ ಇನ್ನೊಂದು ಬೈರಿಗೆಯ ಅಲಗಿಗೆ ಎಣ್ಣೆ ಹಚ್ಚುತ್ತಿದ್ದ. ಉಲೀತ ಕೋಸಿನ ಸೂಪು ಬಡಿಸಿಕೊಂಡು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಕೈಯಲ್ಲಿ ಎಣ್ಣೆಬಟ್ಟೆ ಹಾಗೇ ಇತ್ತು. ಎಪ್ಪತ್ತನಾಲ್ಕು ವರ್ಷದಲ್ಲಿ ಅವನು ಯಾರಿಗೂ ತೊಂದರೆ ಕೊಟ್ಟವನಲ್ಲ, ಹೋಗುವಾಗಲೂ ಕೊಡಲಿಲ್ಲ.

*

ಅವನ ಪೆಟ್ಟಿಗೆ ಸರಿಯಾಗೇ ಇತ್ತು. ಮರದ ಬೆಣೆ, ಕಬ್ಬಿಣದ ಸೋಂಕಿಲ್ಲ, ತಳದಲ್ಲಿ ಒಂದಷ್ಟು ಈರುಳ್ಳಿ ಸಿಪ್ಪೆ. ಫೆಕ್ಲಾ ಗುಡಿಸಿ, ಬರ್ಚ್ ಮರದ ಒಣ ಎಲೆ ಹಾಸಿದಳು. ಬಿಳಿ ನಿಲುವಂಗಿ ತೊಡಿಸಿದ ಎವ್ಸೇಯನನ್ನು ಮಲಗಿಸಿ ಎಡಗೈಗೆ ಚರ್ಮದ ಜಪಸರ ಸುತ್ತಿದರು. ಮಿರಾನಜ್ಜ ಓದು ಮುಂದುವರಿಸಿದ.

ಅಡಿಗೆಮನೆಯಲ್ಲಿ ಹೆಂಗಸರು ಗೋಧಿಕಾಳು ಬೇಯಿಸುತ್ತ, ಜೇನು ಬೆರೆಸುತ್ತ, ಬಾಯಿ ಕಟ್ಟಿಕೊಳ್ಳಲಾಗದೆ ಒದ್ದಾಡುತ್ತಿದ್ದರು.

“ಅವಳನ್ನೂ ನಲವತ್ತು ದಿನದೊಳಗೆ ಕರ್ಕೊಂಡು ಹೋಗ್ತಾನೆ, ನೋಡ್ತಿರಿ,” ಎಂದಳು ಒಬ್ಬಳು.

“ಬಿಡ್ತು ಅನ್ನು!” ಫೆಕ್ಲಾ ಸೌಟಿನಿಂದ ಪಾತ್ರೆಯ ಅಂಚು ಕುಟ್ಟಿದಳು. “ಮೂವತ್ತೊಂದು ವರ್ಷ ಅವಳ ಬಾಯಿಂದ ಏನೇನು ಅನ್ನಿಸ್ಕೊಂಡಿದಾನೆ, ಒಂದು ದಿನ ತಿರುಗಿ ಮಾತಾಡಿದವನಾ? ಆದ್ರೂ ಪೆಟ್ಟಿಗೆಗೆ ತೂತು... ನನಗಂತೂ ಮೈ ಜುಂ ಅಂತು.”

ಆಗ ಹೊರಕೋಣೆಯಲ್ಲಿ ಗಂಟೆ ಟಿಣ್ ಟಿಣ್ ಅಂತು. ಹೊರಬಾಗಿಲು ಮುಚ್ಚಿತ್ತು. ಗಾಳಿ ಇರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ಫೆಕ್ಲಾ ಸೌಟು ಬಿಟ್ಟು ಗೋಡೆಗೆ ಅಂಟಿಕೊಂಡಳು.

ಉಲೀತ ಎದ್ದು ಹೋದಳು.

ಹೊರಕೋಣೆಯಲ್ಲಿ ಉಸಿರು ಹೊಗೆಯಾಗುತ್ತಿತ್ತು. ಜೋತಿಕ್ ಪೆಟ್ಟಿಗೆಯಿಂದ ದೂರ, ಸೌದೆ ರಾಶಿಯ ಮೇಲೆ ಕೂತಿದ್ದ. ಅವನ ಬೆರಳ ಸಂದಿಯ ಸಿಗರೇಟು ಹೊತ್ತಿರಲಿಲ್ಲ.

“ನಾನು ಮುಟ್ಟಿಲ್ಲ ಅತ್ತಿಗೆ. ದೇವರಾಣೆ. ತಾನಾಗೇ ಬಡ್ಕೊಳ್ತು.”

“ಈ ಪೆಟ್ಟಿಗೆ ವಿಷಯ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.” ಜೋತಿಕ್ ತಲೆ ತಗ್ಗಿಸಿದ. “ಪಟ್ಟಿ ಬಡಿಯೋಕೆ ನಾನೇ ಹಿಡ್ಕೊಂಡಿದ್ದು. ಬೇಡ ಕಣೋ, ಅಪಶಕುನ ಅಂದೆ. ಕೇಳಿದ್ರೆ ತಾನೇ? ನೀವೇ ಅಂದಿದ್ರಂತಲ್ಲ.”

“ನಾನು ಏನಂದೆ?”

“‘ನನ್ನನ್ನ ಆ ಗಡ್ಡೆ ಮೇಲೆ ಕರ್ಕೊಂಡು ಹೋಗಬೇಕು ಅಂದ್ರೆ ಪೆಟ್ಟಿಗೇಲಿ ಹಾಕ್ಕೊಂಡು ಹೋಗು’ ಅಂತ. ನಿಮ್ಮ ಹುಡುಗ ಹೋದ ವರ್ಷ ಅಂದಿದ್ರಂತೆ.”

ಉಲೀತ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಅಂದಿದ್ದು ನಿಜ.

“ಅದನ್ನೇ ಹಿಡ್ಕೊಂಡ. ‘ಇದು ತೇಲ್ತದೆ ಜೋತಿಕ್, ಗಡ್ಡೆ ಒಡೆದರೂ ಅವಳಿಗೆ ಏನೂ ಆಗಲ್ಲ. ಒಳಗೆ ಕೂತ್ಕೊಂಡೇ ತೂತಿಂದ ಕೆಳಗೆ ನೋಡಬಹುದು, ಕಾಲಿಗೆ ಚಳಿ ತಾಗಲ್ಲ’ ಅಂತಿದ್ದ. ಮೂರು ವರ್ಷ ಆಯ್ತು, ಪ್ರತಿ ಸಲ ‘ಈ ಚಳಿಗಾಲ ಕೇಳ್ತೀನಿ’ ಅನ್ನೋದು, ನಿಮ್ಮ ಮುಖ ನೋಡಿ ಸುಮ್ಮನಾಗೋದು. ಹುಡುಗ ಹೋದ ಜಾಗಕ್ಕೆ ನಿಮ್ಮನ್ನ ಒಂದು ಸಲ ಕೂರಿಸ್ಕೊಂಡು ಹೋಗಬೇಕು ಅಂತಿತ್ತು ಅವನಿಗೆ.”

ಅವನು ಮೆತ್ತೆಯ ಕೆಳಗಿನಿಂದ ಪುಸ್ತಕ ತೆಗೆದು ಕೊಟ್ಟ. ಕೊನೆಯ ಪುಟದಲ್ಲಿ ಎವ್ಸೇಯನ ದಪ್ಪ ಅಕ್ಷರ. ಒಲೆಯ ಬಾಗಿಲು, ಆಯಿತು. ಬಿರಡೆಗೆ ರಾಳ, ಆಯಿತು. ಮೆತ್ತೆಗೆ ಹೊಸ ಪುಕ್ಕ, ಆಯಿತು. ಉಣ್ಣೆ ಬೂಟು, ಚಿಕ್ಕದು, ಆಯಿತು. ಹಗ್ಗ, ಇದೆ. ಕೊನೆಯಲ್ಲಿ, ಗುರುತು ಹಾಕದ ಒಂದೇ ಸಾಲು: ಉಲೀತಳನ್ನು ಕೇಳಬೇಕು.

ಮೆತ್ತೆಯ ಪಕ್ಕದಲ್ಲಿ ಹೊಸ ಉಣ್ಣೆ ಬೂಟು ಇತ್ತು. ಉಲೀತ ಕೈ ಹಾಕಿ ಎತ್ತಿಕೊಂಡಳು. ಅವಳ ಅಳತೆಯೇ. ಮೆತ್ತೆಯ ನಡುವೆ ಒಂದು ಗುಂಡಿ ಬಿದ್ದಿತ್ತು, ಯಾರೋ ಬಹಳ ಹೊತ್ತು ಕೂತು ಈಗ ತಾನೇ ಎದ್ದ ಹಾಗೆ.

“ಹಗ್ಗ ಎಲ್ಲಿ?” ಎಂದಳು.

“ತಳದಲ್ಲಿ ಇರಬೇಕು. ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಅವನು. ನನಗೂ.”

*

ಮೂವತ್ತೊಂದು ವರ್ಷದ ಹಿಂದಿನ ಆ ಮಾರ್ಚ್‌ನಲ್ಲಿ ಅವರ ಮಗ ಪ್ರೋಖರನಿಗೆ ಹತ್ತೊಂಬತ್ತು. ಮನೆಯಲ್ಲಿ ಪ್ರೋಶ.

ಹಿಂದಿನ ಸಂಜೆ ಉಲೀತ ಒಗೆದಿದ್ದ ಬಟ್ಟೆ ಭಾರಕ್ಕೆ ಅಂಗಳದ ತಂತಿ ಕಡಿದು ಬಿದ್ದಿತ್ತು. ಬೆಳಗಿನ ಕತ್ತಲೆಯಲ್ಲಿ ಅವಳು, ಗಡ್ಡೆ ಒಡೆದರೆ ಎಸೆಯಲೆಂದು ಗಂಡಸರ ಜಾರುಬಂಡಿಯ ಮೂತಿಯಲ್ಲಿ ಸುತ್ತಿಟ್ಟಿದ್ದ ಮೂವತ್ತು ಮಾರು ಹಗ್ಗ ಬಿಚ್ಚಿ, ಕಂಬದಿಂದ ಕಂಬಕ್ಕೆ ಎಳೆದು, ಬಟ್ಟೆ ಹರವಿ ಮರದ ಕ್ಲಿಪ್ಪು ಹಾಕಿದಳು. ಅಪ್ಪ ಮಗ ಚಹಾ ಕುಡಿದು ಹೊರಡಲು ಇನ್ನೂ ಹೊತ್ತಿದೆ, ಅಷ್ಟರಲ್ಲಿ ನೀರಿಳಿಯುತ್ತದೆ, ಹಗ್ಗ ವಾಪಸ್ ಇಡೋಣ ಅಂದುಕೊಂಡಳು. ಈರುಳ್ಳಿ ಆರಿಸುವ ಕೊಟ್ಟಿಗೆಗೆ ಕರೆ ಬಂತು, ಹೋದಳು. ಮೀನು ಚೆನ್ನಾಗಿ ಕಚ್ಚುತ್ತಿದ್ದ ದಿನಗಳು. ಗಂಡಸರು ಚಹಾಕ್ಕೂ ಕೂರದೆ ಹೊರಟುಬಿಟ್ಟಿದ್ದರು.

ಒಂದೂವರೆ ಮೈಲಿ ಒಳಗೆ ಹೋದ ಮೇಲೆ ಎವ್ಸೇಯನ ಕಾಲ ಕೆಳಗೆ ಕೂದಲೆಳೆಯಂಥ ಬಿರುಕು ಕಂಡಿತು. ಹಗ್ಗಕ್ಕೆ ಕೈ ಹಾಕಿದ. ಇಲ್ಲ.

“ನೀನು ಕೂತಿರು, ಓಡಿ ಹೋಗಿ ತರ್ತೀನಿ,” ಎಂದ ಮಗನಿಗೆ.

“ಬರ್ತಾ ರೊಟ್ಟಿನೂ ತಗೊಂಡು ಬಾಪ್ಪ!” ಎಂದ ಪ್ರೋಶ. ಅವನ ಕಾಲ ಬಳಿ ಹನ್ನೆರಡು ಮೀನು ಬಿದ್ದಿದ್ದವು.

ಎವ್ಸೇಯ ಮರಳುವಷ್ಟರಲ್ಲಿ ಗಾಳಿ ತಿರುಗಿತ್ತು. ಮಂಜು ಇಳಿದಿತ್ತು. ಬಿರುಕು ನಲವತ್ತು ಮಾರು ಅಗಲವಾಗಿತ್ತು. ಅವನು ಎಸೆದ ಹಗ್ಗ ನೀರಿಗೆ ಬಿತ್ತು; ಎಳೆದು ಮತ್ತೆ ಎಸೆದ. ಮಂಜಿನೊಳಗಿನಿಂದ ಮಗನ ದನಿ ಕೇಳುತ್ತಿತ್ತು: “ಅಪ್ಪಾ, ಹಗ್ಗ! ಹಗ್ಗ!” ಸ್ವಲ್ಪ ಹೊತ್ತಿಗೆ ಅದೂ ಕೇಳಲಿಲ್ಲ. ಹೆಲಿಕಾಪ್ಟರ್ ಬಂತು, ಮೂರು ದಿನ ಹುಡುಕಿತು. ಹೆಣ ಸಿಗಲಿಲ್ಲ.

ಆ ಮಧ್ಯಾಹ್ನ ಉಲೀತ ದಡಕ್ಕೆ ಓಡಿ ಬಂದಾಗ ಎವ್ಸೇಯ ಊರಿನವರ ಮುಂದೆ, “ಹಗ್ಗ ಮರೆತೆ. ನಾನೇ ಮರೆತೆ,” ಅನ್ನುತ್ತಿದ್ದ.

“ಹಗ್ಗ ಮರೆತು ಮಗನ್ನ ಕೊಂದೆಯಲ್ಲೋ!” ಅಂತ ಅವಳು ಅವನ ಎದೆ ಬಡಿದಳು. ಎಲ್ಲರೂ ಕೇಳಿದರು. ಸಂಜೆ ಮನೆಗೆ ಬಂದಾಗ ಅಂಗಳದ ಹಿಮದ ಮೇಲೆ ಬಟ್ಟೆಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು, ತುಳಿದ ಗುರುತಿನ ಸಮೇತ. ಕಂಬದಿಂದ ಕಂಬಕ್ಕೆ ಏನೂ ಇರಲಿಲ್ಲ. ಆಗ ಅವಳಿಗೆ ನೆನಪಾಯಿತು.

ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಂದ ಆಗಲಿಲ್ಲ. ಆ ದಿನ ಆಗಲಿಲ್ಲ, ಮರುದಿನ ಆಗಲಿಲ್ಲ, ಆಮೇಲೆ ವರ್ಷಗಳಾದವು. ಅವನಿಗೆ ಗೊತ್ತೇ? ಕತ್ತಲೆಯಲ್ಲಿ ಹಗ್ಗ ತಾನೇ ಅಂಗಳದಲ್ಲಿ ಬಿಟ್ಟೆ, ಹೆಂಡತಿ ಪಾಪ ಅದನ್ನೇ ಎತ್ತಿ ಕಟ್ಟಿ ಬಟ್ಟೆ ಹಾಕಿದಳು ಅಂತ ತಿಳಿದನೇ? ಅದೊಂದು ಅನುಮಾನವನ್ನು ಹಿಡಿದುಕೊಂಡು ಅವಳು ಮೂವತ್ತೊಂದು ವರ್ಷ ಅವನ ಎದುರು ತಲೆ ಎತ್ತಿ ಓಡಾಡಿದಳು, ಚುಚ್ಚಿದಳು. ಅವನು ಸೂಪು ಕುಡಿಯುತ್ತ ಕೇಳಿಸಿಕೊಳ್ಳುತ್ತಿದ್ದ.

*

ಹಗ್ಗ ತಳದಲ್ಲೇ ಇತ್ತು, ಎಣ್ಣೆಬಟ್ಟೆಯಲ್ಲಿ ಸುತ್ತಿ. ಹಳೆಯದಾದರೂ ಮೇಣ ತಿಕ್ಕಿ ಮೆತ್ತಗೆ ಇಟ್ಟಿದ್ದ. ಉಲೀತ ಸುರುಳಿ ಬಿಚ್ಚುತ್ತ ಹೋದಳು. ನಡುವೆ ಅವಳ ಬೆರಳಿಗೆ ಏನೋ ತಾಗಿತು.

ಮರದ ಕ್ಲಿಪ್ಪು. ಬಿಸಿಲು ಮಳೆಗೆ ಬೆಳ್ಳಗಾದ, ಒಂದು ಕಾಲು ಸೀಳಿದ ಕ್ಲಿಪ್ಪು. ಕಚ್ಚಿಕೊಂಡ ಕಡೆ ಹಗ್ಗದಲ್ಲಿ ಗುಳಿ ಬಿದ್ದಿತ್ತು. ಅದರ ಎರಡೂ ಬದಿಗೆ ಯಾರೋ ತೆಳು ದಾರ ಸುತ್ತಿ ಬಿಗಿದಿದ್ದರು, ಜಾರಿ ಹೋಗದ ಹಾಗೆ.

ಅವಳು ಸೌದೆಯ ಮೇಲೆ ಕೂತು ಕ್ಲಿಪ್ಪನ್ನು ಹಣೆಗೆ ಒತ್ತಿಕೊಂಡಳು.

“ಅತ್ತಿಗೆ? ಏನಾಯ್ತು?”

“ಗೊತ್ತಿತ್ತು ಅವನಿಗೆ,” ಎಂದಳು ಉಲೀತ. “ಎಲ್ಲಾ ಗೊತ್ತಿತ್ತು.”

ಜೋತಿಕ್‌ಗೆ ಏನೂ ಅರ್ಥವಾಗಲಿಲ್ಲ. ಒಳಗಿನಿಂದ ಮಿರಾನಜ್ಜನ ಕರೆ ಬಂತು. ಮುಚ್ಚಳ ಹಾಕುವ ಹೊತ್ತಾಗಿತ್ತು.

ಮುಚ್ಚಳ ಹಾಕುವ ಮೊದಲು ನಮ್ಮಲ್ಲಿ ಒಬ್ಬೊಬ್ಬರೇ ಬಂದು ನೆಲಕ್ಕೆ ಹಣೆ ಹಚ್ಚಿ, ಕ್ಷಮಿಸು ಅಂತ ಕೇಳಬೇಕು. ಸತ್ತವನ ಪರವಾಗಿ ಹಿರಿಯ ಉತ್ತರ ಕೊಡುತ್ತಾನೆ. ಹೇಳದೆ ಉಳಿದದ್ದು ಮುಚ್ಚಳದ ಕೆಳಗೆ ಉಳಿದುಹೋಗುತ್ತದೆ, ಆಮೇಲೆ ಬೆಣೆ ತೆಗೆಯುವಂತಿಲ್ಲ.

ಜೋತಿಕ್ ಬಗ್ಗಿದ. “ಕ್ಷಮಿಸು ಎವ್ಸೇಯ. ಮೆತ್ತೆ ಅಂತ ಗೇಲಿ ಮಾಡ್ದೆ. ನಿನ್ನ ಮೂರನೇ ಜೊತೆ ಕೈಗವಸು ಹೋದ ವರ್ಷ ಕದ್ದಿದ್ದೂ ನಾನೇ.”

“ದೇವರು ಕ್ಷಮಿಸಲಿ. ನೀನೂ ಅವನನ್ನ ಕ್ಷಮಿಸು,” ಎಂದ ಮಿರಾನಜ್ಜ.

ಫೆಕ್ಲಾ ಬಗ್ಗಿದಳು, ಉಳಿದವರು ಬಗ್ಗಿದರು. ಕೊನೆಗೆ ಉಲೀತ. ಅವಳ ಕೈಯಲ್ಲಿ ಹಗ್ಗದ ಸುರುಳಿ ನೋಡಿ ಜನ ಪಿಸುಗುಟ್ಟಿದರು. ಅವಳು ಮೊಣಕಾಲೂರಿದಳು, ಹಣೆ ನೆಲಕ್ಕೆ ಹಚ್ಚಿದಳು, ಏಳಲೇ ಇಲ್ಲ. ಫೆಕ್ಲಾ ಹಿಡಿದೆತ್ತಲು ಹೋದಾಗ ಅವಳ ಕೈ ಸರಿಸಿ, ಹಾಗೇ ಬಗ್ಗಿಕೊಂಡೇ ಹೇಳಿದಳು:

“ಹಗ್ಗ ನಾನು ತೆಗೆದಿದ್ದು. ಬಟ್ಟೆ ಒಣಗಿಸೋಕೆ. ಅವನು ಮರೀಲಿಲ್ಲ. ಅವನ ಹೆಸರಿಗೆ ಹಾಕಿ ನಾನು ಬದುಕಿಕೊಂಡೆ. ಎಲ್ಲರೂ ಕೇಳಿಸ್ಕೊಳ್ಳಿ, ಹಗ್ಗ ನಾನು ತೆಗೆದಿದ್ದು.”

ಮೇಣದಬತ್ತಿ ಚಟಗುಟ್ಟುವುದು ಕೇಳುತ್ತಿತ್ತು.

“ಕ್ಷಮಿಸು ಎವ್ಸೇಯ,” ಎಂದಳು ಉಲೀತ. “ಕ್ಷಮಿಸು ಪ್ರೋಶ.”

ಮಿರಾನಜ್ಜ ಕೀರ್ತನೆಯ ಪುಸ್ತಕ ಮುಚ್ಚಿದ.

“ಎವ್ಸೇಯನ ಪರವಾಗಿ ನಾನು ಹೇಳ್ತೀನಿ. ದೇವರು ಕ್ಷಮಿಸಲಿ, ತಾಯಿ. ಅವನು ಎಂದೋ ಕ್ಷಮಿಸಿದಾನೆ ಅಂತ ಕಾಣ್ಸತ್ತೆ.” ಉಸಿರು ಎಳೆದುಕೊಂಡ. “ಹುಡುಗನ ಪರವಾಗಿ ಹೇಳೋಕೆ ಅವನ ಹೆಣ ನನ್ನ ಮುಂದಿಲ್ಲ, ಉಲೀತ. ಸುಳ್ಳು ಉತ್ತರ ಕೊಡಲಾರೆ.”

ಹೊರಕೋಣೆಯಲ್ಲಿ ಗಂಟೆ ಒಂದು ಸಲ ಬಡಿಯಿತು. ಈ ಸಲ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉಲೀತ ಮಾತ್ರ ತಲೆ ಎತ್ತಿ ಆ ಕಡೆ ನೋಡಿದಳು, ಕರೆದವರ ಕಡೆ ನೋಡುವ ಹಾಗೆ.

*

ಮಣ್ಣು ಮಾಡಿ ಬಂದು ಎಲ್ಲರೂ ಕಾಳು ತಿಂದರು, ಮೀನಿನ ಕಡುಬು ತಿಂದರು, ಹಣ್ಣಿನ ಗಂಜಿ ಕುಡಿದರು. ನಮ್ಮಲ್ಲಿ ಸಾವಿನ ಊಟಕ್ಕೆ ಹೆಂಡ ಇಡುವುದಿಲ್ಲ, ಹಾಗಾಗಿ ಜನ ಬೇಗ ಎದ್ದರು. ಎರಡೂವರೆಗೆ ಸೂರ್ಯ ಮರಗಳ ತಲೆಗೆ ಇಳಿದಿದ್ದ.

ಜೋತಿಕ್ ಟೋಪಿ ಹಾಕಿಕೊಳ್ಳುವಾಗ ಉಲೀತ ಅವನ ಎದುರು ಬಂದು ನಿಂತಳು. ಕಾಲಲ್ಲಿ ಹೊಸ ಉಣ್ಣೆ ಬೂಟು.

“ನನ್ನ ಪೆಟ್ಟಿಗೆ ಎಳ್ಕೊಂಡು ಬಾ,” ಎಂದಳು.

“ಈಗಲೇ? ಅತ್ತಿಗೆ, ನಾಲ್ಕೇ ಬೆರಳು ಗಡ್ಡೆ. ಇವತ್ತು ಬೇಡ. ವಾರ ಬಿಟ್ಟು...”

“ತೇಲ್ತದೆ ಅಂದ್ಯಲ್ಲ.”

ಫೆಕ್ಲಾ ಓಡಿ ಬಂದು ತೋಳು ಹಿಡಿದಳು. “ಉಲೀತಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಹೋಗಬೇಡ. ಕರೀತಾ ಇದಾರೆ ಅವರು. ಮಾರಾಯ್ತಿ, ಗಂಟೆ ಕೇಳ್ಸಿಲ್ವಾ ನಿನಗೆ?”

“ಕೇಳಿಸ್ತು. ಅದಕ್ಕೇ ಹೋಗ್ತಿರೋದು.”

ಜೋತಿಕ್ ಬೈದುಕೊಳ್ಳುತ್ತ ಎಳೆದ. ಕಬ್ಬಿಣದ ಪಟ್ಟಿ ಗಡ್ಡೆಗೆ ತಾಗಿದ ಮೇಲೆ ಪೆಟ್ಟಿಗೆ ತಾನೇ ಮುಂದೆ ಜಾರಿತು. ಅವನು ಬರೀ ಹಿಡಿದುಕೊಂಡು ಹೋಗಬೇಕಾಯಿತು. ಪ್ರತಿ ಹತ್ತು ಹೆಜ್ಜೆಗೆ ಹಾರೆಯಿಂದ ಕುಟ್ಟಿ ನೋಡಿದ. ದಡ ಹಿಂದೆ ಸಣ್ಣದಾಯಿತು. ಹೊಸ ಗಡ್ಡೆ ಬಲಿಯುವಾಗ ಸರೋವರದ ಹೊಟ್ಟೆಯಿಂದ ಒಂದು ನರಳಿಕೆ ಬರುತ್ತದೆ. ಆ ದಿನ ಅದು ಅವರ ಕಾಲ ಕೆಳಗೇ ಜೊತೆಗೆ ಬರುತ್ತಿತ್ತು.

“ಇಲ್ಲಿ,” ಎಂದ ಜೋತಿಕ್. “ಹೆಚ್ಚುಕಮ್ಮಿ ಇಲ್ಲೇ. ಇನ್ನು ಮುಂದೆ ಹಾರೆ ತೂರ್ತದೆ.”

ಅವನು ತೂತಿನೊಳಗಿನಿಂದಲೇ ಬೈರಿಗೆ ಇಳಿಸಿ ಗಡ್ಡೆ ಕೊರೆದ. ಕಪ್ಪು ನೀರು ಉಕ್ಕಿ ನಿಂತಿತು. ಉಲೀತ ಪೆಟ್ಟಿಗೆ ಹತ್ತಿ ಮೆತ್ತೆಯ ಮೇಲೆ ಕೂತಳು. ಗುಂಡಿ ಬಿದ್ದ ಕಡೆ ಸರಿಯಾಗಿ ಕೂತಳು. ಎಲ್ಲ ಕೈಗೆ ಸಿಗುವ ಹಾಗಿತ್ತು: ಒಲೆ ಬಲಕ್ಕೆ, ಸೌಟು ಎಡಕ್ಕೆ, ಬೆನ್ನಿಗೆ ಒರಗು ಹಲಗೆ. ಕಾಲಿಗೆ ಚಳಿ ತಾಗಲಿಲ್ಲ.

“ಗಾಳ ಕಟ್ಟಲಾ?” ಎಂದ ಜೋತಿಕ್.

“ಬೇಡ. ಇಲ್ಲಿ ಎಷ್ಟು ಆಳ?”

“ನಾಲ್ಕು ಮಾರು. ಹೆಚ್ಚು ಅಂದ್ರೆ ನಾಲ್ಕೂವರೆ. ಇಡೀ ಕೊಲ್ಲೀಲಿ ಎಲ್ಲೂ ಐದು ಮುಟ್ಟಲ್ಲ.”

ಅವಳು ಹಗ್ಗದ ಒಂದು ತುದಿಯನ್ನು ಗಂಟೆ ತೂಗುವ ಅಡ್ಡಪಟ್ಟಿಗೆ ಕಟ್ಟಿದಳು. ಇನ್ನೊಂದು ತುದಿಯನ್ನು ನೀರಿಗೆ ಇಳಿಸಿದಳು.

“ಪ್ರೋಶ,” ಎಂದಳು. ಊಟಕ್ಕೆ ಕರೆಯುವ ದನಿಯಲ್ಲಿ. “ತಗೋ ಮಗಾ, ಹಗ್ಗ.”

ಮೂರು ಮಾರು ಇಳಿಯಿತು. ನಾಲ್ಕು. ಐದು. ಇನ್ನು ತಳ ಸಿಕ್ಕಿ ಸಡಿಲವಾಗಬೇಕು ಅಂತ ಜೋತಿಕ್ ಕಾದ. ಉಲೀತಳ ಕೈ ನಿಂತಿತ್ತು, ಅವಳು ಬಿಡುತ್ತಿರಲಿಲ್ಲ. ಹಗ್ಗ ತಾನೇ ಹೋಗುತ್ತಿತ್ತು. ಅವಳ ಮಡಿಲಿನ ಸುರುಳಿ ಒಂದೊಂದೇ ಸುತ್ತು ಬಿಚ್ಚಿಕೊಂಡು, ಅವಸರವಿಲ್ಲದೆ, ಗೇಣಗಲದ ತೂತಿನೊಳಗೆ ಇಳಿಯುತ್ತಿತ್ತು. ಹತ್ತು ಮಾರು. ಹದಿನೈದು. ಜೋತಿಕ್ ಹಿಂದಕ್ಕೆ ಹೆಜ್ಜೆ ಇಟ್ಟು ಶಿಲುಬೆಯ ಗುರುತು ಹಾಕಿಕೊಂಡ.

ಕ್ಲಿಪ್ಪು ತೂತಿನ ಅಂಚಿಗೆ ಬಂದು ಸಿಕ್ಕಿಕೊಂಡಿತು. ಹಗ್ಗ ಬಿಗಿಯಾಯಿತು, ಗಂಟೆ ಒಂದು ಸಲ ಬಡಿದು ಸುಮ್ಮನಾಯಿತು. ಉಲೀತ ಕೈಗವಸು ಕಿತ್ತು ಎಸೆದು, ಹೊಸ ಬೂಟಿನ ಕಾಲುಗಳನ್ನು ಹಲಗೆಗೆ ಊರಿ, ಎರಡೂ ಕೈಯಿಂದ ಹಗ್ಗ ಹಿಡಿದಳು.